ಫ್ರಾನ್ಸಿಸ್ ಅಲೀಸ್: ಬದಿಗೆ ಸರಿದು ನಿಂತ ಕಲಾವಿದ

ಬೆಲ್ಜಿಯಂ ಮೂಲದ ಕಲಾವಿದ ಫ್ರಾನ್ಸಿಸ್ ಅಲೀಸ್ ಅವರ ಹೆಸರು ಬಂದಾಗಲೆಲ್ಲ ಎರಡು ಕೃತಿಗಳ ಪ್ರಸ್ತಾಪ ಬಂದೇ ಬರುತ್ತದೆ. ಒಂದು, 1997ರಲ್ಲಿ ಅವರು ಮೆಕ್ಸಿಕೋ ನಗರದ ಬೀದಿಗಳಲ್ಲಿ ಭಾರೀ ಮಂಜುಗಡ್ಡೆಯೊಂದನ್ನು ಒಂಬತ್ತು ಗಂಟೆಗೂ ಹೆಚ್ಚು ಕಾಲ ತಳ್ಳುತ್ತ ಹೋಗಿ, ಅದು ಪೂರ್ತಿ ಕರಗಿ ನೀರಾಗುವವರೆಗೂ ಬಿಡದೆ ಇದ್ದದ್ದು. ಇನ್ನೊಂದು, 2002ರ ಏಪ್ರಿಲ್ 11ರಂದು ಪೆರು ದೇಶದ ಲಿಮಾ ನಗರದ ಅಂಚಿನಲ್ಲಿ ಐನೂರು ಮಂದಿ ಸ್ವಯಂಸೇವಕರು ಸಾಲಾಗಿ ನಿಂತು, ಸಲಿಕೆಯಿಂದ ಮರಳೆತ್ತಿ ಹಾಕುತ್ತ, ದೊಡ್ಡದೊಂದು ಮರಳುದಿಬ್ಬವನ್ನು ಸುಮಾರು ಹತ್ತು ಸೆಂಟಿಮೀಟರ್ ಸರಿಸಿದ್ದು. ಎರಡನ್ನೂ ನಾನು ಗೌರವಿಸುತ್ತೇನೆ. ಆದರೂ ಅವರ ಶ್ರೇಷ್ಠ ಕೆಲಸ ಬೇರೆಯೇ ಇದೆ, ಅದು 1999ರಿಂದ ಅವರು ಲೋಕದ ನಾನಾ ಕಡೆ ಚಿತ್ರೀಕರಿಸುತ್ತ ಬಂದಿರುವ ಮಕ್ಕಳ ಆಟಗಳ ಕಿರುಚಿತ್ರಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಲೀಸ್ ಹುಟ್ಟಿದ್ದು 1959ರಲ್ಲಿ, ಆಂಟ್‌ವರ್ಪ್ ನಗರದಲ್ಲಿ. ಕಲಿತದ್ದು ವಾಸ್ತುಶಿಲ್ಪ, ಮೊದಲು ತಮ್ಮ ದೇಶದ ಟೂರ್ನೆಯಲ್ಲಿ, ಆಮೇಲೆ ಇಟಲಿಯ ವೆನಿಸ್‌ನಲ್ಲಿ. 1985ರ ಭೀಕರ ಭೂಕಂಪ ಮೆಕ್ಸಿಕೋ ನಗರವನ್ನು ಕೆಡವಿದ ಮರುವರ್ಷ ಪುನರ್ನಿರ್ಮಾಣದ ಕೆಲಸಕ್ಕೆಂದು ಅಲ್ಲಿಗೆ ಹೋದವರು ಅಲ್ಲಿಯೇ ನೆಲೆ ನಿಂತರು. ಕಟ್ಟಡ ಕಟ್ಟುವ ವಿದ್ಯೆ ಕಲಿತವರು, ಕಟ್ಟಡಗಳ ನಡುವೆ ಜನ ಹೇಗೆ ಓಡಾಡುತ್ತಾರೆ, ಎಲ್ಲಿ ಕೂರುತ್ತಾರೆ, ಏನು ಮಾರುತ್ತಾರೆ ಎಂಬುದನ್ನು ನೋಡುವವರಾದರು. ಮೆಕ್ಸಿಕೋ ನಗರದ ಪ್ರಧಾನ ಚೌಕದಲ್ಲಿ, ಕೆಥೆಡ್ರಲ್‌ನ ಕಬ್ಬಿಣದ ಬೇಲಿಗೆ ಒರಗಿ, ನಲ್ಲಿ ರಿಪೇರಿಯವರೂ ಎಲೆಕ್ಟ್ರಿಷಿಯನ್ನರೂ ತಮ್ಮ ಕಸುಬಿನ ಹೆಸರು ಬರೆದ ಹಲಗೆ ಇಟ್ಟುಕೊಂಡು ಕೆಲಸಕ್ಕಾಗಿ ಕಾಯುತ್ತಿರುತ್ತಾರೆ. 1994ರಲ್ಲಿ ಅಲೀಸ್ ‘ಪ್ರವಾಸಿ’ ಎಂದು ಬರೆದ ಹಲಗೆಯನ್ನು ತಮ್ಮ ಕಾಲ ಬಳಿ ಇಟ್ಟುಕೊಂಡು ಅದೇ ಸಾಲಿನಲ್ಲಿ ನಿಂತರು. ತಾನು ಹೊರಗಿನವನು, ತನ್ನ ಕಸುಬು ನೋಡುವುದು ಎಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಕಲಾವಿದರು ವಿರಳ. ಅದೇ ವರ್ಷಗಳಲ್ಲಿ ಅವರು ತಮ್ಮ ಪುಟ್ಟ ವರ್ಣಚಿತ್ರಗಳನ್ನು ಆ ನಗರದ ಬೋರ್ಡ್ ಬರೆಯುವ ಕಲಾವಿದರ ಕೈಗೆ ಕೊಟ್ಟು, ಅವರವರ ರೀತಿಯಲ್ಲಿ ದೊಡ್ಡದಾಗಿ ಬರೆಯಿಸಿದ್ದೂ ಉಂಟು.

ಅವರ ಪ್ರಸಿದ್ಧ ಕೃತಿಗಳಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಅವುಗಳನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು, ಹೇಳಿದ ಮೇಲೆ ನೋಡದಿದ್ದರೂ ನಡೆಯುತ್ತದೆ. 2004ರಲ್ಲಿ ಜೆರುಸಲೇಮ್‌ನಲ್ಲಿ ಅವರು ತೂತು ಮಾಡಿದ ಡಬ್ಬಿಯಿಂದ ಹಸಿರು ಬಣ್ಣ ಸುರಿಸುತ್ತ, 1948ರ ಅರಬ್-ಇಸ್ರೇಲ್ ಯುದ್ಧದ ಕೊನೆಗೆ ಇಸ್ರೇಲಿನ ಸೇನಾಧಿಕಾರಿ ಮೋಶೆ ದಯಾನ್ ಭೂಪಟದ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದ ಕದನವಿರಾಮದ ಗೆರೆಯ ಗುಂಟ 24 ಕಿಲೋಮೀಟರ್ ನಡೆದರು. ಅದಕ್ಕೆ ತಗುಲಿದ್ದು 58 ಲೀಟರ್ ಬಣ್ಣ. ರೋಮಾಂಚನಗೊಳಿಸುವ ಕಲ್ಪನೆ, ನಿಜ. ಆದರೆ ಆ ನಡಿಗೆಯನ್ನು ಸೆರೆಹಿಡಿದ ಚಿತ್ರದ ತುಂಬ ಇರುವುದು ಕಲ್ಪನೆ ಮತ್ತು ಅದನ್ನು ಹೊತ್ತು ನಡೆಯುವ ಕಲಾವಿದ. ದಾರಿಯಲ್ಲಿ ಎದುರಾಗುವ ಜನ ಹಿನ್ನೆಲೆಗೆ ಸರಿದುಬಿಡುತ್ತಾರೆ.

ಮಕ್ಕಳ ಆಟದ ಚಿತ್ರಗಳಲ್ಲಿ ಅಲೀಸ್ ತಾವೇ ಸರಿದು ನಿಲ್ಲುತ್ತಾರೆ. ವಿವರಣೆಯ ಧ್ವನಿ ಇಲ್ಲ, ಸಂದರ್ಶನ ಇಲ್ಲ, ದೇಶದ ಕಷ್ಟಗಳ ಪಟ್ಟಿಯೂ ಇಲ್ಲ. 2011ರಲ್ಲಿ ಆಫ್ಘಾನಿಸ್ತಾನದ ಬಾಲ್ಖ್‌ನಲ್ಲಿ ತೆಗೆದ ಚಿತ್ರದಲ್ಲಿ ಹುಡುಗನೊಬ್ಬ ಗಾಳಿಪಟ ಹಾರಿಸುತ್ತಾನೆ. ಅದರ ದಾರ ಎಷ್ಟು ತೆಳುವೆಂದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವುದು ಅವನ ಎರಡು ಕೈಗಳು: ಒಮ್ಮೆ ಬೆರಳುಗಳು ಸಡಿಲವಾಗುತ್ತವೆ, ಮರುಕ್ಷಣ ಮೊಣಕೈ ಹಿಂದಕ್ಕೆ ಜಗ್ಗುತ್ತದೆ, ಮತ್ತೆ ಕೈ ತಟಸ್ಥವಾಗಿ ಕಾಯುತ್ತದೆ. ಗಾಳಿಯ ಸ್ವಭಾವವನ್ನೆಲ್ಲ ಆ ಕೈಗಳಲ್ಲಿ ಓದಬಹುದು. ತಾಲಿಬಾನ್ ತನ್ನ ಮೊದಲ ಆಳ್ವಿಕೆಯಲ್ಲಿ ಗಾಳಿಪಟವನ್ನು ನಿಷೇಧಿಸಿತ್ತೆಂಬುದು ಗೊತ್ತಿದ್ದವರಿಗೆ ಆ ನೋಟದ ತೂಕ ಇನ್ನಷ್ಟು ಹೆಚ್ಚುತ್ತದೆ, ಆದರೆ ಚಿತ್ರ ಅದನ್ನು ಹೇಳಿ ನಮ್ಮ ಮನಸ್ಸನ್ನು ಕರಗಿಸಲು ಹೊರಡುವುದಿಲ್ಲ. ಇರಾಕಿನ ಶಾರ್ಯಾ ನಿರಾಶ್ರಿತರ ಶಿಬಿರದಲ್ಲಿ ಮಕ್ಕಳು ಆಡುವುದು ನಮ್ಮ ಕುಂಟೆಬಿಲ್ಲೆಯನ್ನೇ. ಕಠ್ಮಂಡುವಿನಲ್ಲಿ ಆಡುವ ಕಲ್ಲಾಟವನ್ನು ನಮ್ಮ ಊರಿನ ಯಾವ ಹೆಣ್ಣುಮಗಳಾದರೂ ಗುರುತಿಸಬಲ್ಲಳು.

ಇವುಗಳಲ್ಲಿ ಇರಾಕಿನ ಮೊಸುಲ್ ನಗರದ ಚಿತ್ರ ಎಲ್ಲಕ್ಕಿಂತ ಗಾಢವಾದುದು. ನಗರವನ್ನು ಹಿಡಿದಿದ್ದ ಉಗ್ರರ ಸಂಘಟನೆ ಐಸಿಸ್ ಅಲ್ಲಿ ಫುಟ್‌ಬಾಲ್ ಆಟವನ್ನು ನಿಷೇಧಿಸಿತ್ತು. 2017ರ ಈ ಚಿತ್ರದಲ್ಲಿ ಪಾಳುಬಿದ್ದ ಕಟ್ಟಡಗಳ ನಡುವಿನ ಬೀದಿಯಲ್ಲಿ ಹುಡುಗರು ಚೆಂಡೇ ಇಲ್ಲದೆ ಫುಟ್‌ಬಾಲ್ ಆಡುತ್ತಾರೆ. ಇಲ್ಲದ ಚೆಂಡು ಯಾರ ಕಾಲಲ್ಲಿದೆ ಎಂಬುದು ಆಡುವವರಿಗೆಲ್ಲ ಗೊತ್ತು, ಸ್ವಲ್ಪ ಹೊತ್ತಿಗೆ ನಮಗೂ ಗೊತ್ತಾಗತೊಡಗುತ್ತದೆ. ಇಂಥದ್ದನ್ನು ಒಬ್ಬ ಕಲಾವಿದ ಕಲ್ಪಿಸಿ ಮಾಡಿದ್ದರೆ ಜಾಣತನ ಎನ್ನುತ್ತಿದ್ದೆವು. ಮಕ್ಕಳು ಅದನ್ನು ಬದುಕಿನ ಒತ್ತಡದಲ್ಲಿ ಕಂಡುಕೊಂಡಿದ್ದರು.

2022ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದ ಬೆಲ್ಜಿಯಂ ಮಂಟಪದಲ್ಲಿ ಈ ಚಿತ್ರಗಳು ಪ್ರದರ್ಶನಗೊಂಡವು. ಅವುಗಳ ನಡುವೆ ಕಾಂಗೋದ ಲುಬುಂಬಾಶಿಯಲ್ಲಿ ಚಿತ್ರೀಕರಿಸಿದ್ದೂ ಒಂದಿತ್ತು: ಹುಡುಗನೊಬ್ಬ ಗಣಿತ್ಯಾಜ್ಯದ ಕಪ್ಪು ಗುಡ್ಡದ ಮೇಲಕ್ಕೆ ಟೈರೊಂದನ್ನು ಉರುಳಿಸಿಕೊಂಡು ಹತ್ತುತ್ತಾನೆ, ತುದಿಯಲ್ಲಿ ಅದರೊಳಗೆ ಮೈ ಮಡಚಿ ಕೂತು ಇಳಿಜಾರಿನಲ್ಲಿ ಉರುಳಿ ಬರುತ್ತಾನೆ. ಅದು ಕಟಾಂಗ ಪ್ರದೇಶ. 1906ರಲ್ಲಿ ಸ್ಥಾಪನೆಯಾದ ಬೆಲ್ಜಿಯಂನ ಗಣಿ ಕಂಪನಿ ದಶಕಗಳ ಕಾಲ ಅಲ್ಲಿಂದ ತಾಮ್ರವನ್ನು ಬಗೆದು ಸಾಗಿಸಿತು. ಹಿರೋಷಿಮಾ ಬಾಂಬಿನ ಯುರೇನಿಯಮ್ಮಿನ ಬಹುಪಾಲು ಹೋದದ್ದೂ ಅದೇ ಪ್ರದೇಶದ ಗಣಿಯಿಂದ. ವೆನಿಸ್‌ನ ಆ ಮಂಟಪ ತೆರೆದದ್ದು 1907ರಲ್ಲಿ, ಕಾಂಗೋ ಇನ್ನೂ ಬೆಲ್ಜಿಯಂನ ದೊರೆ ಎರಡನೇ ಲಿಯೋಪೋಲ್ಡನ ಖಾಸಗಿ ಸ್ವತ್ತಾಗಿದ್ದ ಕಾಲದಲ್ಲಿ. ಅಲೀಸ್ ಹುಟ್ಟಿದ ಮರುವರ್ಷ ಕಾಂಗೋ ಬೆಲ್ಜಿಯಂನ ಆಳ್ವಿಕೆಯಿಂದ ಸ್ವತಂತ್ರವಾಯಿತು. ಇಷ್ಟು ಚರಿತ್ರೆಯನ್ನು ಹೊತ್ತ ಗೋಡೆಗಳ ನಡುವೆ ಆ ಹುಡುಗ ನಗುತ್ತ ಉರುಳಿ ಬರುವಾಗ, ಭಾಷಣಕ್ಕಿಂತ ಗಟ್ಟಿಯಾದ ಆರೋಪವೊಂದು ಸದ್ದಿಲ್ಲದೆ ನಿಲ್ಲುತ್ತದೆ ಎಂದು ನಾನು ನಂಬುತ್ತೇನೆ.

ಒಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾರೆ. ಯುದ್ಧದ, ಬಡತನದ ನೆಲದ ಮಕ್ಕಳನ್ನು ಯುರೋಪಿನವರೊಬ್ಬರು ಚಿತ್ರೀಕರಿಸಿ ಶ್ರೀಮಂತ ನಗರಗಳ ಗ್ಯಾಲರಿಗಳಲ್ಲಿ ತೋರಿಸುವುದು ಎಷ್ಟು ಸರಿ? ಮಕ್ಕಳನ್ನು ಕರುಣೆಗೆ ಪಾತ್ರರಾದವರಂತೆ ತೋರಿಸದೆ ತಮ್ಮ ಆಟದಲ್ಲಿ ಪರಿಣತರಾದವರಂತೆ ತೋರಿಸುತ್ತಾರೆ ಎಂಬುದು ಒಂದು ಉತ್ತರ. ಈ ಚಿತ್ರಗಳನ್ನು ಅಲೀಸ್ ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಲು ಬಿಟ್ಟಿದ್ದಾರೆ ಎಂಬುದು ಇನ್ನೊಂದು, ನನ್ನ ಮಟ್ಟಿಗೆ ಹೆಚ್ಚು ತೂಕದ ಉತ್ತರ. ಆದರೂ ಉಕ್ರೇನಿನ ಚಿತ್ರದಲ್ಲಿ ಸೈನಿಕರ ವೇಷದ ಹುಡುಗರು ಮರದ ಬಂದೂಕು ಹಿಡಿದು ರಸ್ತೆಯಲ್ಲಿ ವಾಹನ ನಿಲ್ಲಿಸಿ, ಶತ್ರುವಿನ ಗೂಢಚಾರರಿಗಾಗಿ ತಪಾಸಣೆ ನಡೆಸುವುದನ್ನು ನೋಡುವಾಗ ಈ ಉತ್ತರಗಳು ನನಗೆ ಸಾಲದಾಗುತ್ತವೆ. ಅಲ್ಲಿ ಆಟ ಎಲ್ಲಿ ಮುಗಿದು ಯುದ್ಧ ಎಲ್ಲಿ ಶುರುವಾಗುತ್ತದೆ ಎಂಬುದು ಆ ಹುಡುಗರಿಗೇ ತಿಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಿಡದೆ ಕಾಡುತ್ತದೆ.

ನೋಡಬಯಸುವ ಗೆಳೆಯರು ಮೊದಲು ಬಾಲ್ಖ್‌ನ ಗಾಳಿಪಟವನ್ನು, ನಂತರ ಮೊಸುಲ್‌ನ ಫುಟ್‌ಬಾಲನ್ನು ನೋಡಬೇಕೆಂದು ಕೋರುತ್ತೇನೆ. ಎರಡೂ ಕೆಲವೇ ನಿಮಿಷಗಳ ಚಿತ್ರಗಳು. ಹಿನ್ನೆಲೆ ಸಂಗೀತವಿಲ್ಲದ ಇಂಥ ಚಿತ್ರಗಳಲ್ಲಿ ಕಾಲ ಸಪ್ಪಳ, ಮಕ್ಕಳ ಕೂಗು, ಬೀದಿಯ ಗದ್ದಲಗಳೇ ಅರ್ಧ ಕಥೆ ಹೇಳುವುದರಿಂದ, ಮೊಬೈಲಿನ ಸದ್ದು ಅಡಗಿಸಿ ನೋಡಬೇಡಿ.