ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆ

ಕಳೆದ ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ತಿಂಡಿಗೆ ಹೋಗಿದ್ದೆವು. ಬಸವನಗುಡಿ ಕಡೆ, ಕೂತು ತಿನ್ನುವ ಹಳೇ ಹೋಟೆಲು. ಹೆಸರು ಬೇಡ. ನಾಲ್ಕು ಜನ, ಬಿಲ್ 640 ರೂಪಾಯಿ. ಸೋಂಪು ಇಟ್ಟ ತಟ್ಟೆಯಲ್ಲಿ ಬಿಲ್ ಬಂತು. ಟೇಬಲ್ ಮೇಲಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿ ಯಜಮಾನರು ದುಡ್ಡು ಕಟ್ಟಿದರು. ಎದ್ದು ಹೊರಡುವಾಗ ನನಗೆ ಸಪ್ಲೈಯರ್ ನೆನಪಾದ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಅತ್ತೆಗೆ ಚಟ್ನಿ ಖಾರ ಆಯಿತು ಅಂತ ತಾನಾಗಿಯೇ ಮೊಸರು ತಂದಿಟ್ಟಿದ್ದ. ಪರ್ಸ್ ತಡಕಿದೆ. ಒಂದೇ ಒಂದು 500ರ ನೋಟು, ಚಿಲ್ಲರೆ ಇಲ್ಲ.

‘ತಮ್ಮಾ, ನಿನ್ನ ನಂಬರ್ ಹೇಳು, ಫೋನ್‌ಪೇ ಮಾಡ್ತೀನಿ’ ಅಂದೆ. ಅವನು ಒಮ್ಮೆ ಗಲ್ಲಾ ಕಡೆ ನೋಡಿದ. ‘ಬೇಡ ಮೇಡಂ. ಡ್ಯೂಟಿಯಲ್ಲಿ ಮೊಬೈಲ್ ಒಳಗೆ ಇಸ್ಕೋತಾರೆ. ನಂಬರ್ ಕೊಟ್ಟಿದ್ದು ಗೊತ್ತಾದರೆ ಬೈತಾರೆ’ ಅಂದ. ಹಾಗಾದರೆ ಬಿಲ್ಲಿನ ಜೊತೆ ಜಾಸ್ತಿ ಹಾಕಲಾ ಅಂತ ಕೇಳಿದೆ. ‘ಅದು ಓನರ್ ಅಕೌಂಟಿಗೆ ಹೋಗತ್ತೆ’ ಅಂದು ತಟ್ಟೆ ಎತ್ತಿಕೊಂಡು ಹೋದ.

ಆವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ನನ್ನ ದೊಡ್ಡಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಕುಂದಾಪುರದ ಕಡೆಯ ಎಷ್ಟೋ ಮನೆಗಳ ಕಥೆ ಇದೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಊರಿನವರೊಬ್ಬರ ಹಿಂದೆ ಬಸ್ ಹತ್ತಿ ಬಂದವರು. ಮೊದಲು ಟೇಬಲ್ ಒರೆಸುವ ಮಾಣಿ, ಆಮೇಲೆ ಸಪ್ಲೈಯರ್. ಊಟ ಹೋಟೆಲಿನದೇ, ಮಲಗುವುದು ಮಾಳಿಗೆಯ ರೂಮಿನಲ್ಲಿ, ಹತ್ತು ಜನರ ಜೊತೆ. ಸಂಬಳ ಅವರ ಕೈಗೆ ಬರುತ್ತಲೇ ಇರಲಿಲ್ಲ. ತಿಂಗಳಾದ ಮೇಲೆ ಮಾಲೀಕರೇ ಊರಿಗೆ ಮನಿಯಾರ್ಡರ್ ಮಾಡಿಸುತ್ತಿದ್ದರು. ಅಜ್ಜಿ ಅದರಲ್ಲಿ ಮನೆ ನಡೆಸುತ್ತಿದ್ದರು.

ಹಾಗಾಗಿ ದೊಡ್ಡಪ್ಪನ ಕೈಯಲ್ಲಿ ಓಡಾಡುತ್ತಿದ್ದ ದುಡ್ಡು ಅಂದರೆ ಟಿಪ್ಸ್ ಒಂದೇ. ಸೋಪು, ಬೀಡಿ, ವಾರದ ರಜೆಗೆ ಒಂದು ಸಿನಿಮಾ, ಊರಿಗೆ ಬರುವ ಬಸ್ ಚಾರ್ಜು, ಎಲ್ಲ ಅದರಲ್ಲೇ. ನಾನು ಹೈಸ್ಕೂಲಿಗೆ ಸೇರಿದ ವರ್ಷ ಅವರು ತಂದುಕೊಟ್ಟ ಕಂಪಾಸ್ ಬಾಕ್ಸು ಕೂಡ. ಆ ಡಬ್ಬಿಯನ್ನು ಜನ ತಟ್ಟೆಯಲ್ಲಿ ಬಿಟ್ಟುಹೋದ ನಾಲ್ಕಾಣೆ ಎಂಟಾಣೆಗಳಿಂದ ಕೊಂಡಿದ್ದರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

‘ಟಿಪ್ಸ್ ಯಾಕೆ ಕೊಡಬೇಕು, ಅವರಿಗೆ ಸಂಬಳ ಇಲ್ವಾ’ ಅಂತ ಯಾರಾದರೂ ಕೇಳಿದಾಗ ನನಗೆ ಆ ಡಬ್ಬಿ ನೆನಪಾಗುತ್ತದೆ. ಸಂಬಳ ಇದೆ. ಇರಲೇಬೇಕು, ಪೂರ್ತಿ ಇರಬೇಕು. ಆದರೆ ಸಂಬಳ ಬರುವ ಮೊದಲೇ ಅದಕ್ಕೆ ಊರಿನಲ್ಲಿ ಲೆಕ್ಕ ಆಗಿರುತ್ತದೆ. ಸಾಲಕ್ಕೆ ಇಷ್ಟು, ತಂಗಿ ಮದುವೆಗೆ ಇಷ್ಟು. ಟಿಪ್ಸ್ ಆ ಹುಡುಗನ ಸ್ವಂತದ್ದು.

ಆ ಚಿಲ್ಲರೆ ಈಗ ತಟ್ಟೆಯಿಂದ ಮಾಯವಾಗಿದೆ. ಯಾರೂ ಜಿಪುಣತನದಿಂದ ನಿಲ್ಲಿಸಿದ್ದಲ್ಲ. ಮೊದಲು 88 ರೂಪಾಯಿ ಬಿಲ್ಲಿಗೆ 100 ಕೊಟ್ಟರೆ 12 ವಾಪಸ್ ಬರುತ್ತಿತ್ತು, ಅದನ್ನು ಅಲ್ಲೇ ಬಿಡುತ್ತಿದ್ದೆವು. ಯೋಚನೆ ಕೂಡ ಮಾಡುತ್ತಿರಲಿಲ್ಲ. ಈಗ 88 ಅಂದರೆ 88ನ್ನೇ ಕಟ್ಟುತ್ತೇವೆ. ಉಳಿಯುವುದೇ ಇಲ್ಲ, ಬಿಡುವುದೆಲ್ಲಿಂದ? ಯುಪಿಐ ಬಂದಿದ್ದು ನಮಗೆಲ್ಲ ಒಳ್ಳೆಯದೇ ಆಯಿತು. ಸಪ್ಲೈಯರ್ ಜೇಬು ಖಾಲಿಯಾಗಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ.

‘ಸರ್ವಿಸ್ ಚಾರ್ಜ್ ಕೊಡ್ತೀವಲ್ಲ, ಮತ್ತೆ ಟಿಪ್ಸ್ ಯಾಕೆ’ ಅನ್ನುವವರೂ ಇದ್ದಾರೆ. ದೊಡ್ಡ ರೆಸ್ಟೋರೆಂಟುಗಳ ಬಿಲ್ಲಿನಲ್ಲಿ ಜಿಎಸ್‌ಟಿ ಮೇಲಿನ ಸಾಲಲ್ಲಿ ಇರುತ್ತದಲ್ಲ, ಅದು. ಅದು ಸರ್ಕಾರಕ್ಕೆ ಹೋಗುವ ತೆರಿಗೆ ಅಲ್ಲ, ಹೋಟೆಲಿನವರೇ ಹಾಕಿಕೊಳ್ಳುವುದು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಬಿಲ್ಲಿನಲ್ಲಿ ತಾವಾಗಿಯೇ ಸೇರಿಸುವಂತಿಲ್ಲ, ಕೊಡಲೇಬೇಕು ಅಂತ ಒತ್ತಾಯಿಸುವಂತಿಲ್ಲ ಅಂತ ಹೇಳಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು, ತಡೆಯೂ ಸಿಕ್ಕಿತು. ಕೊನೆಗೆ 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಪ್ರಾಧಿಕಾರ ಹೇಳಿದ್ದೇ ಸರಿ ಅಂದಿತು.

ಒಂದು ಸಲ ನನ್ನ ಸ್ನೇಹಿತೆಯ ಹುಟ್ಟುಹಬ್ಬಕ್ಕೆ ಅಂಥ ಒಂದು ಜಾಗಕ್ಕೆ ಹೋಗಿದ್ದೆವು. ಊಟಕ್ಕೆ 1,700, ಅದರ ಮೇಲೆ ಸರ್ವಿಸ್ ಚಾರ್ಜ್ 170. ತೆಗೆಯಿರಿ ಅಂದೆ. ಮ್ಯಾನೇಜರ್ ಬಂದು, ‘ಅದು ಹುಡುಗರಿಗೇ ಹೋಗೋದು ಮೇಡಂ, ಅವರ ಹೊಟ್ಟೆ ಮೇಲೆ ಹೊಡೀತೀರಾ’ ಅಂದರು. ಸುತ್ತ ನಾಲ್ಕು ಟೇಬಲಿನವರು ತಿರುಗಿ ನೋಡಿದರು. ನನಗೂ ಒಂದು ಕ್ಷಣ ಅಳುಕಾಯಿತು. ಆದರೂ ತೆಗೆಸಿದೆ, ಆ 170ನ್ನು ಹಾಗೇ ಬಡಿಸಿದ ಹುಡುಗನ ಕೈಗೆ ಕೊಟ್ಟೆ. ಹೊರಗೆ ಆಟೋ ಕಾಯುವಾಗ ಅವನು ಕಸದ ಚೀಲ ಹಿಡಿದು ಬಂದ. ‘ಸರ್ವಿಸ್ ಚಾರ್ಜ್ ನಿಮಗೆ ಕೊಡ್ತಾರಾ’ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿ ಒಳಗೆ ಹೋದ. ಎಲ್ಲ ಕಡೆ ಹೀಗೇ ಅಂತ ನಾನು ಹೇಳುವುದಿಲ್ಲ. ಹಂಚುವ ಮಾಲೀಕರೂ ಇರುತ್ತಾರೆ. ಹಂಚಿದರೋ ಇಲ್ಲವೋ ತಿಳಿಯುವ ದಾರಿ ಮಾತ್ರ ನಮಗಿಲ್ಲ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 1ರಿಂದ ಇದಕ್ಕೇ ಒಂದು ಕಾನೂನು ಜಾರಿಯಲ್ಲಿದೆ. ಟಿಪ್ಸ್ ಆಗಲಿ ಸರ್ವಿಸ್ ಚಾರ್ಜ್ ಆಗಲಿ, ಮಾಲೀಕರು ಅದರಲ್ಲಿ ಏನನ್ನೂ ಹಿಡಿದುಕೊಳ್ಳುವಂತಿಲ್ಲ, ಪೂರ್ತಿ ಕೆಲಸಗಾರರಿಗೆ ಕೊಡಬೇಕು. ನಮಗೂ ಅಂಥದ್ದೊಂದು ಬೇಕು.

ಹಾಗಂತ ಅಮೆರಿಕದ ದಾರಿ ನಮಗೆ ಬೇಡ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮನೆಗೆ ಹೋದಾಗ ಬಿಲ್ ಮೇಲೆ ಶೇ 20 ಸೇರಿಸುವುದನ್ನು ನೋಡಿ ನಾನು ಜಗಳವನ್ನೇ ಆಡಿದ್ದೆ. ಅವನು ಬಿಡಿಸಿ ಹೇಳಿದ. ಅಲ್ಲಿ ಟಿಪ್ಸ್ ಬರುವ ಕೆಲಸದವರಿಗೆ ಕೇಂದ್ರ ಕಾನೂನಿನ ಪ್ರಕಾರ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಆ ಅಂಕಿ ಬದಲಾಗಿಲ್ಲ. ಉಳಿದವರ ಕನಿಷ್ಠ ಕೂಲಿ 7.25 ಡಾಲರ್. ನಡುವಿನ ವ್ಯತ್ಯಾಸ ಗಿರಾಕಿಯ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕ ಸೇರಿಸಿ ಕೊಡಬೇಕು. ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಚೆನ್ನಾಗಿದೆ, ನಿಜ. ಆದರೆ ಒಟ್ಟಿನಲ್ಲಿ ಅಲ್ಲಿ ಟಿಪ್ಸ್ ಅಂದರೆ ಸಂಬಳವೇ. ಬಡಿಸುವವಳು ಬಾಡಿಗೆ ಕಟ್ಟಬೇಕಾದರೆ ಪ್ರತಿ ಟೇಬಲಿಗೂ ನಗಬೇಕು, ಅವಮಾನ ಆದರೂ ನಗಬೇಕು. ನಮ್ಮಲ್ಲಿ ಸದ್ಯ ಕಾನೂನು ಟಿಪ್ಸನ್ನು ಸಂಬಳ ಅಂತ ನೋಡುವುದಿಲ್ಲ. 2016ರಲ್ಲಿ ಹೋಟೆಲ್ ನೌಕರರ ತೆರಿಗೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಗಿರಾಕಿ ಕೊಟ್ಟ ಟಿಪ್ಸ್ ಸಂಬಳದ ಭಾಗ ಅಲ್ಲ ಅಂದಿತು. ಅದು ಹಾಗೇ ಇರಲಿ. ‘ಟಿಪ್ಸ್ ಸಿಗತ್ತಲ್ಲ, ಸಂಬಳ ಯಾಕೆ ಏರಿಸಬೇಕು’ ಅನ್ನುವ ಮಾಲೀಕರು ಇಲ್ಲೂ ಇದ್ದಾರೆ. ಅವರಿಗೆ ನಾವು ದಾರಿ ಮಾಡಿಕೊಡಬಾರದು.

ದೊಡ್ಡಪ್ಪನಿಗೆ ಒಂದು ಥರದ ಗಿರಾಕಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಕೂತ ತಕ್ಷಣ ನೋಟು ತೋರಿಸಿ, ‘ಸ್ವಲ್ಪ ಸ್ಪೆಷಲ್ಲಾಗಿ ನೋಡ್ಕೊ’ ಅನ್ನುವವರು. ‘ಅವರ ನೋಟು ಜೇಬಿಗೆ ಹಾಕಿಕೊಂಡರೆ ಪಕ್ಕದ ಟೇಬಲ್ಲಿನ ಮುದುಕಿ ಕಾಯಬೇಕಲ್ಲ’ ಅನ್ನುತ್ತಿದ್ದರು. ಆಟೋ ಆ್ಯಪ್‌ಗಳಲ್ಲಿ ಈಗ ಬಂದಿರುವುದು ಅದೇ. ಮಳೆ ಬರುತ್ತಿತ್ತು, ಮಗಳನ್ನು ಟ್ಯೂಷನ್ನಿಂದ ಕರೆತರಬೇಕಿತ್ತು. ಆಟೋ ಸಿಗುವ ಮೊದಲೇ 10 ಸೇರಿಸಿ, 20 ಸೇರಿಸಿ, 30 ಸೇರಿಸಿ ಅಂತ ಮೊಬೈಲ್ ಕೇಳುತ್ತಿತ್ತು. ನಾನು ಸೇರಿಸಿದೆ, ಆಟೋ ಸಿಕ್ಕಿತು. ನನ್ನ ಪಕ್ಕ ಅದೇ ಮಳೆಯಲ್ಲಿ ನಿಂತಿದ್ದ ಗಾರೆ ಕೆಲಸದ ದಂಪತಿಗೆ ಸಿಗಲಿಲ್ಲ. ಅವರು ಇನ್ನೂ ಕೈ ಅಡ್ಡ ಹಿಡಿಯುತ್ತಿದ್ದರು.

2025ರ ಮೇ ತಿಂಗಳಲ್ಲಿ ಈ ಮುಂಗಡ ಟಿಪ್ಸ್ ವಿಚಾರಕ್ಕೆ ಅದೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಊಬರ್ ಕಂಪನಿಗೆ ನೋಟಿಸ್ ಕೊಟ್ಟಿತ್ತು. ನಮ್ಮ ಧಾರವಾಡದ ಸಂಸದರೂ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿಯವರು ಇದು ಸರಿಯಲ್ಲ, ಟಿಪ್ಸ್ ಕೊಡುವುದು ಸೇವೆ ಆದ ಮೇಲೆ ಅಂದಿದ್ದರು. ಆ ಮಾತು ನನಗೆ ಪೂರ್ತಿ ಒಪ್ಪಿಗೆ. ಆದರೆ ಚಾಲಕರ ಕಡೆಯ ಮಾತೂ ಇದೆ. ಬೆಂಗಳೂರಿನಲ್ಲಿ ಆಟೋ ದರ 2021ರ ಡಿಸೆಂಬರ್‌ನಿಂದ ಮೂರೂವರೆ ವರ್ಷ ಮೊದಲ 2 ಕಿಲೋಮೀಟರಿಗೆ 30 ರೂಪಾಯಿಯಲ್ಲೇ ನಿಂತಿತ್ತು. 2025ರ ಆಗಸ್ಟ್ 1ಕ್ಕೆ 36 ಆಯಿತು. ಗ್ಯಾಸು, ಬಾಡಿಗೆ, ಸ್ಕೂಲ್ ಫೀಸು ಅಷ್ಟು ದಿನ ಕಾಯುತ್ತವಾ? ದರ ಸಾಲದಿದ್ದರೆ ದರ ಏರಿಸಬೇಕು. ಮಳೆಯಲ್ಲಿ ನಿಂತವರನ್ನು ಹರಾಜು ಕೂಗಿಸುವುದಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ತಂಗಿಯ ಹೆರಿಗೆ ಒಂದು ಆಸ್ಪತ್ರೆಯಲ್ಲಿ ಆಯಿತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದ ಆಯಾ ಬಾಗಿಲಲ್ಲೇ ನಿಂತರು. ‘ಗಂಡು ಮಗು, ಖುಷಿ ಕೊಡಿ’ ಅಂದರು. ಅಪ್ಪ 200 ಕೊಟ್ಟರು. ಗಂಡಿಗೆ 1,000, ಹೆಣ್ಣಾದರೆ 500 ಅಂದರು. ಕೊಡುವವರೆಗೂ ಮಗುವನ್ನು ಕೈಗೆ ಕೊಡಲಿಲ್ಲ. ಆ ಬಾಗಿಲಲ್ಲಿ ನಿಂತವರಿಗೆಲ್ಲ ಗೊತ್ತು, ಅದಕ್ಕೆ ಖುಷಿ ಅಂತ ಹೆಸರು ಅಷ್ಟೇ, ಅದು ಲಂಚ. ಅದೇ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕಸ ಗುಡಿಸುವ ಅಕ್ಕ, ತಂಗಿಗೆ ಚಳಿ ಅಂತ ಎಲ್ಲಿಂದಲೋ ಇನ್ನೊಂದು ಕಂಬಳಿ ತಂದು ಹೊದಿಸಿದ್ದರು. ಏನೂ ಕೇಳಲಿಲ್ಲ. ಮನೆಗೆ ಹೊರಡುವ ದಿನ ಅಮ್ಮ ಹುಡುಕಿಕೊಂಡು ಹೋಗಿ ಅವರ ಕೈಗೆ ದುಡ್ಡು ಕೊಟ್ಟು, ‘ಮಗೀಗೆ ಆಶೀರ್ವಾದ ಮಾಡಿ’ ಅಂದರು. ಆ ಅಕ್ಕ ಕಣ್ಣೊರೆಸಿಕೊಂಡರು.

ಸಿಲಿಂಡರ್ ವಿಷಯದಲ್ಲಿ ನಾನು ಮನಸ್ಸು ಬದಲಾಯಿಸಿದ್ದೇನೆ. ಬಿಲ್ಲಿನಲ್ಲಿರುವ ದುಡ್ಡಿನಲ್ಲೇ ಮನೆಗೆ ತಲುಪಿಸುವ ಖರ್ಚೂ ಸೇರಿರುತ್ತದೆ. ಹಾಗಾಗಿ ಮೇಲೆ 50 ಕೇಳಿದವರ ಜೊತೆ ಬಿಲ್ ಹಿಡಿದು ವಾದ ಮಾಡುತ್ತಿದ್ದೆ. ಕಾನೂನಿನಲ್ಲಿ ನನ್ನದೇ ಸರಿ. ಆದರೆ ನಮ್ಮದು ಲಿಫ್ಟ್ ಇಲ್ಲದ ಮೂರನೇ ಮಹಡಿ. ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ. ಒಮ್ಮೆ ಐವತ್ತು ದಾಟಿದವರೊಬ್ಬರು ಹೊತ್ತು ತಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಏದುಸಿರು ಬಿಟ್ಟರು. ಮಾತೇ ಆಡಲಿಲ್ಲ. ನಾನು ಮೊದಲು ನೀರು ಕೊಟ್ಟೆ. ಆಮೇಲಿಂದ ಯಾರು ತಂದರೂ ಕೇಳುವ ಮೊದಲೇ ಕೊಡುತ್ತೇನೆ. ಕೆಳಗಿನ ಮನೆಯ ಒಂಟಿ ಅಜ್ಜಿ ಹತ್ತಿರ ಮಾತ್ರ ಯಾರೂ ಬಲವಂತ ಮಾಡಿ ಕೀಳಬಾರದು. ಹಾಗಾದ ದಿನ ನಾನೇ ಏಜೆನ್ಸಿಗೆ ಫೋನ್ ಮಾಡಿದ್ದೇನೆ.

ಕೈಯಲ್ಲಿ ಕಾಸಿಲ್ಲದವರು ಟಿಪ್ಸ್ ಬಿಡದೆ ಎದ್ದು ಹೋದರೆ ಅದು ತಪ್ಪಲ್ಲ. ತಿಂಗಳಿಗೊಮ್ಮೆ ದೋಸೆ ತಿನ್ನಲು ಬರುವ ಹಾಸ್ಟೆಲ್ ಹುಡುಗರು ನಾಚಿಕೊಳ್ಳಬೇಕಿಲ್ಲ. ದೊಡ್ಡಪ್ಪ ಅಂಥವರಿಗೆ ಕೇಳದೆಯೇ ಇನ್ನೊಂದು ಸೌಟು ಸಾಂಬಾರ್ ಹಾಕುತ್ತಿದ್ದರು. ನಾನು ಹೇಳುತ್ತಿರುವುದು ನಾಲ್ಕು ಜನಕ್ಕೆ 640 ಕೊಡಬಲ್ಲ ನಮ್ಮಂಥವರಿಗೆ.

ಈಗ ನಾನು ಬ್ಯಾಗಿನಲ್ಲಿ ಒಂದು ಸಣ್ಣ ಪರ್ಸ್ ಬೇರೆ ಇಟ್ಟಿದ್ದೇನೆ. ಅದರಲ್ಲಿ ಬರೀ 10, 20ರ ನೋಟು. ಹತ್ತರ ನೋಟು ಸಿಗುವುದೇ ಕಷ್ಟ. ಹಾಲಿನ ಬೂತಿನವರ ಹತ್ತಿರ ವಾರಕ್ಕೊಮ್ಮೆ ಬದಲಾಯಿಸಿಕೊಳ್ಳುತ್ತೇನೆ. ದರ್ಶಿನಿಯಲ್ಲಿ ಬಡಿಸುವವರಿಲ್ಲ, ಆದರೆ ನಾವು ನಿಂತು ತಿಂದ ಜಾಗ ಒರೆಸುವ ಅಮ್ಮ ಇರುತ್ತಾರೆ. ಪಾತ್ರೆ ತೊಳೆಯುವವರಿಗೂ ದೋಸೆ ಹೊಯ್ಯುವವರಿಗೂ ನಮ್ಮ ಕೈ ತಲುಪುವುದಿಲ್ಲ. ಅದಕ್ಕೆ ಒಂದು ಡಬ್ಬಿ ಇಟ್ಟು ಎಲ್ಲರೂ ಹಂಚಿಕೊಳ್ಳುವ ಹೋಟೆಲುಗಳನ್ನು ಕಂಡರೆ ನನಗೆ ಗೌರವ.

ನಿನ್ನೆ ಬಸವನಗುಡಿಯ ಆ ಹೋಟೆಲಿಗೆ ಒಬ್ಬಳೇ ಹೋಗಿ ಬಂದೆ. ಹುಡುಗನ ಹೆಸರು ಎತ್ತಲಿಲ್ಲ, ಅವನಿಗೆ ತೊಂದರೆ ಆಗಬಾರದು. ಗಲ್ಲಾದಲ್ಲಿದ್ದ ಮಾಲೀಕರ ಹತ್ತಿರ, ‘ಸಾರ್, ಇಲ್ಲಿ ಹುಡುಗರಿಗೆ ಅಂತ ಒಂದು ಡಬ್ಬಿ ಇಡಿ, ಇಲ್ಲಾಂದ್ರೆ ಅವರದ್ದೇ ಒಂದು ಬೇರೆ ಕ್ಯೂಆರ್ ಅಂಟಿಸಿ’ ಅಂದೆ. ಅವರು ಸಿಟ್ಟಾಗಲಿಲ್ಲ. ‘ನಾನೂ ಸಪ್ಲೈಯರ್ ಆಗಿ ಬಂದವನೇ ಅಮ್ಮಾ’ ಅಂದರು. ‘ಹಾಗಾದರೆ ನಿಮಗೇ ಗೊತ್ತಲ್ಲ ಸಾರ್’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡೋಣ’ ಅಂದರು. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ.