ಗುರಿ ಒಬ್ಬರಿಗೆ, ಬಾಣ ಇನ್ನೊಬ್ಬರಿಗೆ

ಬೆಳಗಿನ ಆರು ಗಂಟೆಗೆ ನಾನು ಕಚೇರಿಯ ಮೇಲಧಿಕಾರಿಗೆ ಫೋನ್ ಮಾಡಿ, "ಮೂರು ದಿನದಿಂದ ಮನೆಯಲ್ಲಿ ಒಂದು ಕೊಡ ನೀರಿಲ್ಲ, ನಿಮಗೆ ನಾಚಿಕೆಯಾಗುವುದಿಲ್ಲವೇ?" ಎಂದು ಗುಡುಗಿದೆ. ಗುಡುಗಬೇಕಿದ್ದದ್ದು ನೀರಿನ ಟ್ಯಾಂಕರಿನವರ ಮೇಲೆ. ಇಬ್ಬರ ಹೆಸರೂ ಒಂದೇ, ಮೊಬೈಲಿನಲ್ಲಿ ಒಂದರ ಕೆಳಗೊಂದು. ಬೀದಿಯಲ್ಲಿ ಕಲ್ಲೆಸೆದರೆ ಯಾರಿಗಾದರೂ ತಗಲುವಂಥ ಹೆಸರು. ಇಲ್ಲಿ ಬರೆದರೆ ಇನ್ನಷ್ಟು ಜನಕ್ಕೆ ತಗಲೀತು ಎಂದು ಬರೆಯುತ್ತಿಲ್ಲ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮೇಲಧಿಕಾರಿಗಳು ಮೆತ್ತಗೆ, "ನಮ್ಮ ಮನೆಯಲ್ಲೂ ನೀರಿಲ್ಲ. ಟ್ಯಾಂಕರಿನವರ ನಂಬರ್ ಇದ್ದರೆ ನನಗೂ ಕೊಡಿ" ಎಂದರು.

ಡೆನಿಮ್ ಎಂಬ ಹುಡುಗನ ಮೇಲೆ ನನಗೆ ನಿಜವಾದ ಅನುಕಂಪ ಹುಟ್ಟಿದ್ದು ಆ ದಿನ.

ಡೆನಿಮ್ ಎಂದರೆ ಪ್ಯಾಂಟಿನ ಬಟ್ಟೆಯಲ್ಲ, 'ಟ್ಯಾಕ್ಟಿಕ್ಸ್ ಓಗರ್' ಎಂಬ ಜಪಾನಿ ವಿಡಿಯೋ ಗೇಮಿನ ನಾಯಕ. ಯಾಸುಮಿ ಮಾತ್ಸುನೊ ನಿರ್ದೇಶನದಲ್ಲಿ ಕ್ವೆಸ್ಟ್ ಎಂಬ ಸಂಸ್ಥೆ 1995ರ ಅಕ್ಟೋಬರಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆಂದು ಹೊರತಂದ ಆಟ. 1998ರಲ್ಲಿ ಅದು ಪ್ಲೇಸ್ಟೇಷನ್ ಮೂಲಕ ಅಮೆರಿಕ ತಲುಪಿದಾಗ ಇಂಗ್ಲಿಷಿಗೆ ತಂದವರು ಹುಡುಗನ ಹೆಸರನ್ನು ಡೆನಿಮ್ ಎಂದೇ ಬರೆದರು. ಮುಂದಿನ ಅನುವಾದದಲ್ಲಿ 'ಡೆನಮ್' ಎಂದು ತಿದ್ದಿದರಾದರೂ, ಅಮೆರಿಕದಿಂದ ಮರಳಿದ ಚಿಕ್ಕಪ್ಪನ ಮಗ ನನಗೆ ದಾಟಿಸಿದ್ದು ಹಳೆಯ ಯಂತ್ರ, ಹಳೆಯ ಡಿಸ್ಕು. ನನ್ನ ಪಾಲಿಗೆ ಅವನು ಇಂದಿಗೂ ಡೆನಿಮ್ಮೇ.

ವಲೇರಿಯಾ ಎಂಬ ದ್ವೀಪ. ಎಲ್ಲರನ್ನೂ ಒಂದುಗೂಡಿಸಿದ್ದ ದೊರೆ ತೀರಿಕೊಂಡಿದ್ದಾನೆ. ಗಾಲ್ಗಸ್ಟಾನಿಗಳು ಬಹುಸಂಖ್ಯಾತರು, ಬಕ್ರಾಮರು ಮೇಲ್ವರ್ಗದವರು, ನಮ್ಮ ಡೆನಿಮ್ ಹುಟ್ಟಿದ ವಾಲಿಸ್ಟರ್ ಜನ ಎಲ್ಲರಿಗಿಂತ ಕಡಿಮೆ. ಮೂವರೂ ಕತ್ತಿ ಹಿರಿದಿದ್ದಾರೆ. ಸಾಲದ್ದಕ್ಕೆ ಹೊರಗಿನಿಂದ ಬಂದ ಕರಿಯ ಕವಚದ ಯೋಧರ ಪಡೆ ಬೇರೆ. ಆ ಪಡೆ ಡೆನಿಮ್‌ನ ಊರನ್ನು ಸುಟ್ಟು ತಂದೆಯನ್ನು ಹೊತ್ತೊಯ್ದಿದೆ. ಪಡೆಯ ನಾಯಕ ಲಾನ್ಸೆಲಾಟ್ ಊರಿಗೆ ಬರುತ್ತಾನೆಂಬ ಸುದ್ದಿ ಕೇಳಿ ಡೆನಿಮ್, ಅಕ್ಕ ಮತ್ತು ಗೆಳೆಯ ಹೊಂಚುಹಾಕಿ ಮೇಲೆ ಬೀಳುತ್ತಾರೆ. ಬಂದವನೂ ಲಾನ್ಸೆಲಾಟನೇ, ಆದರೆ ಬೇರೆ ಲಾನ್ಸೆಲಾಟ್! ದೂರದ ದೇಶದಿಂದ ಕೆಲಸ ಹುಡುಕಿಕೊಂಡು ಬಂದ ಪಾಪದ ಸಜ್ಜನ. ಬೈಸಿಕೊಂಡ ಮೇಲೂ ಟ್ಯಾಂಕರಿನ ನಂಬರ್ ಕೇಳುವ ಜಾತಿಯವನು. ಹುಡುಗರನ್ನು ಕ್ಷಮಿಸಿ ಅವರ ಜೊತೆಗೇ ಸೇರಿಕೊಳ್ಳುತ್ತಾನೆ. ಇಷ್ಟು ದೊಡ್ಡ ಯುದ್ಧದ ಕಥೆಯನ್ನು ಹೆಸರಿನ ಗೊಂದಲದಿಂದ ಶುರುಮಾಡಿದ ಮಾತ್ಸುನೊ ಅವರ ಮನೆಯಲ್ಲೂ ಎಂದಾದರೂ ನೀರು ನಿಂತಿತ್ತೇನೋ ಎಂದು ನನಗೆ ಅನುಮಾನ.

ಕಥೆ ಹಾಗಿರಲಿ, ಆಟವೂ ಅದೇ ಸ್ವಭಾವದ್ದು. ಚೌಕಚೌಕವಾದ ನೆಲ, ಮೇಲೆ ಮನೆ, ಮಾಡು, ಗುಡ್ಡ. ಒಬ್ಬೊಬ್ಬರಿಗೂ ಸರದಿ ಬರುತ್ತದೆ. ಭಾರದ ಕವಚ ತೊಟ್ಟವನಿಗೆ ಸರದಿ ತಡ, ಹಗುರಾಗಿರುವವನಿಗೆ ಬೇಗ. ನಮ್ಮ ಮನೆಯ ಬಚ್ಚಲಿಗೂ ಇದೇ ನಿಯಮ ಇದ್ದಿದ್ದರೆ ನಾನು ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ. ಬಿಲ್ಲುಗಾರರನ್ನು ಎತ್ತರದಲ್ಲಿ ನಿಲ್ಲಿಸಿದರೆ ಬಾಣ ದೂರ ಹೋಗುತ್ತದೆ ಎಂದು ತಿಳಿದ ನಾನು ಒಬ್ಬ ಬಿಲ್ಲುಗಾರ್ತಿಯನ್ನು ಮಾಡು ಹತ್ತಿಸಿದೆ. ಎದುರಿಗೆ ಶತ್ರು. ನಡುವೆ ನಮ್ಮ ಕಡೆಯ ಕನೋಪಸ್, ರೆಕ್ಕೆಯ ಮನುಷ್ಯ. ಬಾಣ ಕಮಾನಾಗಿ ಅವನ ತಲೆಯ ಮೇಲಿಂದ ಹಾರಿ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಹೈಸ್ಕೂಲಿನಲ್ಲೇ ನನ್ನ ಲೆಕ್ಕ ಅಷ್ಟಕ್ಕಷ್ಟೆ. ಬಾಣ ನೇರವಾಗಿ ಕನೋಪಸ್‌ನ ಬೆನ್ನಿಗೆ ನಾಟಿತು. ಈ ಆಟದಲ್ಲಿ ಬಾಣಕ್ಕೆ ಸ್ವಪಕ್ಷ, ಪರಪಕ್ಷ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ತಗಲುತ್ತದೆ. ಸತ್ತವರನ್ನು ಬದುಕಿಸುವ ಉಪಾಯಗಳೂ ಬಲು ಅಪರೂಪ. 2022ರಲ್ಲಿ ಹೊಸರೂಪದಲ್ಲಿ ಬಂದಾಗ ಬಾಣ ಹೋಗುವ ದಾರಿಯನ್ನು ಮೊದಲೇ ಗೆರೆ ಎಳೆದು ತೋರಿಸುವ ಏರ್ಪಾಡು ಮಾಡಿದರು. ನನ್ನಂಥವರ ಶಾಪ ತಟ್ಟಿರಬೇಕು.

ಗೆರೆ ಎಳೆದು ತೋರಿಸುವ ಏರ್ಪಾಡು ಊಟದ ಮನೆಗಂತೂ ಇನ್ನೂ ಬಂದಿಲ್ಲ. ಅದೇ ವಾರ ಅತ್ತೆಯವರು ಊರಿನಿಂದ ಬಂದಿದ್ದರು. ಸಾರಿನ ಮೊದಲ ತುತ್ತಿಗೇ ಮುಖ ಹುಳ್ಳಗೆ ಮಾಡಿಕೊಂಡು, "ಏನಿದು, ಇಷ್ಟೊಂದು ಉಪ್ಪು? ಪಕ್ಕದ ಮನೆಯವರು ಕೊಟ್ಟದ್ದಿರಬೇಕು" ಎಂದೆ. ಪಕ್ಕದ ಮನೆಯಾಕೆಯ ಕೈಯಲ್ಲಿ ಉಪ್ಪು ಜಾಸ್ತಿ ಎಂಬುದು ನಮ್ಮ ಮನೆಯ ಹಳೆಯ ಸಿದ್ಧಾಂತ. ಹೆಂಡತಿ ಕಣ್ಣು ಬಿಟ್ಟಳು. ಅತ್ತೆಯವರು ಸೌಟನ್ನು ನಿಧಾನವಾಗಿ ಪಾತ್ರೆಯಲ್ಲಿಟ್ಟರು. ಬಾಣ ಎಲ್ಲಿ ನಾಟಿತೆಂದು ತಿಳಿಯಲು ನನಗೆ ಗೆರೆ ಬೇಕಾಗಲಿಲ್ಲ.

ಸೋತ ಸೇನಾಪತಿಗೆ ಉಳಿಯುವುದು ತಾಲೀಮು. ಈ ಆಟದಲ್ಲಿ ನಮ್ಮ ಪಡೆಯನ್ನೇ ಎರಡು ಭಾಗ ಮಾಡಿ ತಮ್ಮತಮ್ಮಲ್ಲೇ ಕಾದಾಡಿಸಬಹುದು. ಅಲ್ಲಿ ಯಾರೂ ಸಾಯುವುದಿಲ್ಲ, ಅನುಭವ ಮಾತ್ರ ಏರುತ್ತದೆ. ಒಬ್ಬರಿಗೊಬ್ಬರು ಕಲ್ಲೆಸೆದುಕೊಂಡೇ ಪಡೆಯನ್ನು ಬೆಳೆಸುವುದು ಜಪಾನಿನ ಆಟಗಾರರ ಹಳೆಯ ಚಾಳಿ. ಯಂತ್ರವೇ ಎಲ್ಲರನ್ನೂ ಆಡಿಸುವಂತೆ ಬಿಟ್ಟರೆ ನಾವು ಕೂರಬೇಕಾಗಿಯೂ ಇಲ್ಲ. ನಾನು ಹಾಗೆಯೇ ಬಿಟ್ಟು, ಟಿವಿ ಮಾತ್ರ ಆರಿಸಿ ಮಲಗಿದೆ. ಅತ್ತೆಯವರು ಮಲಗುವ ಮುನ್ನ ಗ್ಯಾಸ್, ನಲ್ಲಿ, ಬಾಗಿಲಿನ ಚಿಲಕ, ಗೋಡೆಯ ಸ್ವಿಚ್ಚುಗಳು ಎಲ್ಲವನ್ನೂ ನೋಡಿಯೇ ಮಲಗುವವರು. ಬೆಳಿಗ್ಗೆ ಎದ್ದಾಗ ಪ್ಲೇಸ್ಟೇಷನ್ ತಣ್ಣಗಿತ್ತು. "ಟಿವಿ ಕೆಳಗೆ ಏನೋ ಹಸಿರಾಗಿ ಉರಿಯುತ್ತಿತ್ತು, ಕರೆಂಟು ದಂಡ ಎಂದು ಆರಿಸಿದೆ" ಎಂದರು. ಉಪ್ಪಿನ ಪ್ರಸಂಗ ಇನ್ನೂ ಹಸಿಯಾಗಿತ್ತು. "ಒಳ್ಳೆಯದೇ ಮಾಡಿದಿರಿ" ಎಂದೆ.

ಮೊದಲ ಅಧ್ಯಾಯದ ಕೊನೆಯಲ್ಲಿ ಬಾಲ್ಮಮೂಸಾ ಎಂಬ ಊರು ಬರುತ್ತದೆ. ಅಲ್ಲಿ ಗಾಲ್ಗಸ್ಟಾನಿಗಳ ಸೆರೆಯಲ್ಲಿರುವವರು ವಾಲಿಸ್ಟರರೇ, ನಮ್ಮವರೇ. ದಂಗೆ ಏಳಿ ಎಂದರೆ ಒಲ್ಲೆವು ಎನ್ನುತ್ತಾರೆ. ಆಗ ವಾಲಿಸ್ಟರರ ಮುಖಂಡನಾದ ಡ್ಯೂಕ್‌ನ ಸರದಾರ ಡೆನಿಮ್‌ನನ್ನು ಪಕ್ಕಕ್ಕೆ ಕರೆದು, ಇವರನ್ನೆಲ್ಲ ಕೊಂದು ತಪ್ಪನ್ನು ಗಾಲ್ಗಸ್ಟಾನಿಗಳ ತಲೆಗೆ ಕಟ್ಟೋಣ ಎನ್ನುತ್ತಾನೆ. ಒಪ್ಪುವುದೋ ಬಿಡುವುದೋ, ನಾವೇ ಒತ್ತಿ ಹೇಳಬೇಕು. ಯುಗೊಸ್ಲಾವಿಯಾ ರಕ್ತದಲ್ಲಿ ಒಡೆಯುತ್ತಿದ್ದ ಹೊತ್ತಿನಲ್ಲಿ ಬಂದ ಆಟ ಇದು ಎಂಬುದು ಅಲ್ಲಿಗೆ ಬಂದಾಗ ನೆನಪಾಗದೆ ಇರುವುದಿಲ್ಲ. ಇಲ್ಲಿಯವರೆಗೆ ಕೈತಪ್ಪಿ ನಮ್ಮವರಿಗೆ ಬಾಣ ತಗಲುತ್ತಿತ್ತು. ಈಗ ಗುರಿಯಿಟ್ಟೇ ಹೊಡೆ ಎನ್ನುತ್ತಿದ್ದಾರೆ. ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಮಾಣಿಯನ್ನು ಮೂರು ಸಲ ವಾಪಸು ಕಳಿಸುವ ನಾನು, ಕಂಟ್ರೋಲರನ್ನು ಸೋಫಾದ ಮೇಲಿಟ್ಟು ನೀರು ಕುಡಿಯಲು ಎದ್ದೆ.

ಮರಳಿ ಬರುವಷ್ಟರಲ್ಲಿ ಅತ್ತೆಯವರು ಸೋಫಾದ ಮೇಲೆ ಕುಳಿತಿದ್ದರು. ಕಂಟ್ರೋಲರಿನ ಮೇಲೆ.

"ಏನೋ ಚುಚ್ಚಿತು" ಎಂದು ಎತ್ತಿಕೊಟ್ಟರು. ಪರದೆಯ ಮೇಲೆ ಡೆನಿಮ್ ಒಪ್ಪಿಕೊಂಡಾಗಿತ್ತು. ಗೆಳೆಯ ಸಿಡಿದು ಬೇರೆಯಾದ.

"ಆ ಹುಡುಗ ಯಾಕೆ ಸಿಟ್ಟಾದ?"

ಹೇಳಿದೆ. ಅವರ ಮುಖ ಸಣ್ಣಗಾಯಿತು. "ಹಾಗಾದರೆ ನಾನು ಇನ್ನೊಂದನ್ನು ಒತ್ತಬೇಕಿತ್ತೇ?"

ಇನ್ನೊಂದನ್ನು ಒತ್ತಿದರೆ ಡೆನಿಮ್ ಒಲ್ಲೆ ಎನ್ನುತ್ತಾನೆ, ಆಗ ಅದೇ ಗೆಳೆಯ ಸರದಾರನ ಪಕ್ಷ ಸೇರುತ್ತಾನೆ, ಊರಿನವರು ಹೇಗೂ ಉಳಿಯುವುದಿಲ್ಲ ಎಂದು ವಿವರಿಸಿದೆ.

"ಉಳಿಸುವುದಕ್ಕಾಗುವುದಿಲ್ಲ ಎಂದಮೇಲೆ ನಮ್ಮನ್ನು ಕೇಳಿದ್ದಾದರೂ ಯಾಕೆ?" ಎಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮರುದಿನ ರಾತ್ರಿ ಅತ್ತೆಯವರು ಧಾರಾವಾಹಿ ಬಿಟ್ಟು ಹುರುಳಿಕಾಯಿಯ ಬುಟ್ಟಿಯೊಂದಿಗೆ ಬಂದು ಕುಳಿತರು. ನಾರು ತೆಗೆಯುತ್ತಲೇ ಸಲಹೆ ಶುರುವಾಯಿತು. ಅವನನ್ನು ಹಿಂದಕ್ಕೆ ಕರೆಯಿರಿ, ಇವಳಿಗೆ ಮದ್ದು ಕೊಡಿ, ಆ ಹಲ್ಲಿ ಮುಖದವನನ್ನು ನಂಬಬೇಡಿ. ಬಿಲ್ಲುಗಾರ್ತಿ ಮತ್ತೆ ಮಾಡಿನ ಮೇಲಿದ್ದಳು. ಶತ್ರು ದೂರದಲ್ಲಿ, ಕನೋಪಸ್ ನಡುವೆ. ನಾನು ಹಿಂದೆಮುಂದೆ ನೋಡುತ್ತಿದ್ದಾಗ, "ತಲೆಯ ಮೇಲಿಂದ ಹೋಗುತ್ತದೆ, ಬಿಡಿ ಅಳಿಯಂದಿರೇ" ಎಂದರು.

ಬಿಟ್ಟೆ. ಕನೋಪಸ್ ನರಳಿದ.

ಅತ್ತೆಯವರು ಹುರುಳಿಕಾಯಿಯಿಂದ ತಲೆ ಎತ್ತಲಿಲ್ಲ. "ಪಕ್ಕದ ಮನೆಯವರ ಬಾಣ ಇರಬೇಕು" ಎಂದರು.