ಹೊಳೆ ದಂಡೆ ಮೇಲೆ ಸುಮ್ನೆ ಒಂದು ರೌಂಡು

ಸೈಕಲ್ ಸವಾರಿಯಲ್ಲಿ ಫಜೀತಿ ಪಡುವವರು ನೂರು ಕಿಲೋಮೀಟರ್ ಹೊಡೆಯುವ ಶೂರರಲ್ಲ. ಅವರ ಸೀಟಿನ ಕೆಳಗೆ ಒಂದು ಚೀಲ ನೇತಾಡುತ್ತಿರುತ್ತದೆ. ಅದರೊಳಗೆ ಟ್ಯೂಬು, ಪಂಪು, ಪ್ಯಾಚು ಎಲ್ಲ ಇರುತ್ತದೆ. ಫಜೀತಿಯೆಲ್ಲ ಕಾದು ಕೂತಿರುವುದು ಯುಗಾದಿ ಕಳೆದ ಭಾನುವಾರ, ಹೊಂಗೆ ಚಿಗುರಿದ್ದು ನೋಡಿ ಉಮೇದು ಬಂದು, ಜೇಬಿನಲ್ಲಿ ಮೊಬೈಲು ಬಿಟ್ಟರೆ ಬೇರೇನೂ ಇಲ್ಲದೆ ‘ಸುಮ್ನೆ ಹೊಳೆ ದಂಡೆ ಮೇಲೆ ಒಂದು ರೌಂಡು’ ಹೊರಟವರಿಗೆ.

ಇಂಥ ರೌಂಡಿಗೆ ಶ್ರೀರಂಗಪಟ್ಟಣ ಹೇಳಿ ಮಾಡಿಸಿದ ಊರು. ಕಾವೇರಿ ಪಶ್ಚಿಮಕ್ಕೆ ಎರಡಾಗಿ ಒಡೆದು, ಊರನ್ನೆಲ್ಲ ಬಳಸಿ, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಹಾಗಾಗಿ ಎತ್ತ ಹೋದರೂ ಕೊನೆಗೆ ಹೊಳೆಯೇ ಅಡ್ಡ ಬರುತ್ತದೆ. ದಾರಿ ತಪ್ಪುವುದಕ್ಕೂ ಇಲ್ಲಿ ಒಂದು ಮಿತಿ ಇದೆ. ಕೋಟೆಯಿಂದ ದರಿಯಾ ದೌಲತ್, ಗಂಜಾಂ, ನಿಮಿಷಾಂಬ ಗುಡಿ, ಗುಂಬಜ್ ದಾಟಿ ಸಂಗಮ ಮುಟ್ಟುವವರೆಗೆ ನೆಲ ಬಹುಪಾಲು ಮಟ್ಟಸ. ಮೈಸೂರಿನಿಂದ ಹದಿನೈದು ಕಿಲೋಮೀಟರ್ ಚಿಲ್ಲರೆ. ಪೆಡಲ್ ತುಳಿದೇ ಬರುವವರು ಸರ್ವಿಸ್ ರಸ್ತೆ ಬಿಟ್ಟು ಮೇಲೆ ಹತ್ತಕೂಡದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ, ಟ್ರ್ಯಾಕ್ಟರುಗಳಿಗೇ ಪ್ರವೇಶವಿಲ್ಲ. ಇನ್ನು ಮೋಟಾರೇ ಇಲ್ಲದ ಗಾಡಿಯನ್ನು ಯಾರು ಕೇಳುತ್ತಾರೆ.

ಮೊದಲ ಎಡವಟ್ಟು ಮನೆ ಬಾಗಿಲಲ್ಲೇ ಶುರು. ಮೆಟ್ಟಿಲ ಕೆಳಗೆ ಹೋದ ಯುಗಾದಿಯಿಂದ ಮಲಗಿದ್ದ ಸೈಕಲ್ಲಿನ ಎರಡೂ ಚಕ್ರ ಚಪ್ಪಟೆಯಾಗಿರುತ್ತವೆ. ಪಕ್ಕದ ಮನೆ ಹುಡುಗನ ಮೇಲೆ ಅನುಮಾನ ಪಡಬೇಕಾಗಿಲ್ಲ. ರಬ್ಬರ್ ಟ್ಯೂಬು ತಿಂಗಳುಗಟ್ಟಲೆ ನಿಂತರೆ ಗಾಳಿ ತಾನಾಗಿ ಸೋರುತ್ತದೆ. ಪೆಟ್ರೋಲ್ ಬಂಕಿಗೆ ತಳ್ಳಿಕೊಂಡು ಹೋದರೆ ಅಲ್ಲಿ ಎರಡನೆಯ ಪಾಠ. ಬೈಕಿನಂಥ ದಪ್ಪ ವಾಲ್ವ್ ಇದ್ದರೆ ಸರಿ. ತೆಳ್ಳಗೆ, ತುದಿಯಲ್ಲಿ ಪುಟಾಣಿ ನಟ್ಟು ಇರುವ ಪ್ರೆಸ್ಟಾ ವಾಲ್ವ್ ಆದರೆ ಬಂಕಿನ ಪೈಪು ಅದಕ್ಕೆ ಕೂರುವುದಿಲ್ಲ, ಹಿತ್ತಾಳೆಯ ಅಡಾಪ್ಟರ್ ಬೇಕು. ಹಳೇ ಕಾಲದ ಸೈಕಲ್ಲಿಗೆ ವಾಲ್ವಿನೊಳಗೆ ಹಾಕುವ ಸಣ್ಣ ರಬ್ಬರ್ ನಳಿಗೆ, ಅಂದರೆ ವಾಲ್ವ್ ಟ್ಯೂಬು, ಬಿರಿದಿರುತ್ತದೆ. ಒಂದೆರಡು ಇಂಚು ತುಂಡು ಜೊತೆಗಿಟ್ಟುಕೊಂಡರೆ ಬಚಾವು. ಎಷ್ಟು ಗಾಳಿ ಎಂಬುದು ಟೈರಿನ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ಅಗಲ ಟೈರಿಗೆ ಸುಮಾರು 35ರಿಂದ 45 ಪಿಎಸ್‌ಐ ಹಿತ. ‘ಗಟ್ಟಿಯಾಗಿ ಹೊಡೀಪ್ಪಾ’ ಅಂದರೆ ಮಣ್ಣು ದಾರಿಯ ಪ್ರತಿ ಕಲ್ಲೂ ನೇರ ಹಲ್ಲಿಗೆ ಬಂದು ತಟ್ಟುತ್ತದೆ.

ಸೀಟಿನ ಎತ್ತರದ ವಿಷಯದಲ್ಲಿ ನಮ್ಮ ಜನ ಹಟಮಾರಿಗಳು. ಎರಡೂ ಪಾದ ನೆಲಕ್ಕೆ ಊರಬೇಕು ಎಂದು ಸೀಟು ಇಳಿಸುತ್ತಾರೆ. ಆಮೇಲೆ ಮಂಡಿ ಗಲ್ಲಕ್ಕೆ ಬಡಿಯುವ ಹಾಗೆ ತುಳಿದು, ಸಂಗಮ ಬರುವಷ್ಟರಲ್ಲಿ ‘ವಯಸ್ಸಾಯ್ತು’ ಅನ್ನುತ್ತಾರೆ. ಆಗಿರುವುದು ವಯಸ್ಸಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಎತ್ತರ ಸರಿಯಿದೆ. ನಿಂತಾಗ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತದೆ. ಇನ್ನು ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡ್ ಕಡ್ಡಾಯ, ಚೈನು ಇರುವುದು ಆ ಕಡೆ. ದುಪಟ್ಟಾ ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಆಗುವುದು ತಮಾಷೆಯ ಅನಾಹುತವಲ್ಲ. ಅದನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಇಲ್ಲವೇ ಮನೆಯಲ್ಲೇ ಬಿಟ್ಟು ಬನ್ನಿ.

ಈಗ ಮುಖ್ಯ ಅತಿಥಿ: ಮುಳ್ಳು. ಚೈತ್ರದಲ್ಲಿ ಹೊಳೆ ಬತ್ತಿ ದಂಡೆ ಒಣಗಿದಾಗ ನೆಗ್ಗಿಲು ಮುಳ್ಳಿನ ಕಾಯಿ ದಾರಿಯ ತುಂಬ ಬಿದ್ದಿರುತ್ತದೆ. ಅದು ಹೇಗೆ ಬಿದ್ದರೂ ಒಂದು ಮೊನೆ ಆಕಾಶಕ್ಕೇ ಮುಖ ಮಾಡಿರುತ್ತದೆ. ಬೇಲಿ ಕಡಿದು ಹಾಕಿದ ಕಡೆ ಜಾಲಿಯ ಮುಳ್ಳು, ಬೆರಳುದ್ದದ್ದು. ಇದು ಟೈರು ತೂರಿ, ಟ್ಯೂಬಿನ ಒಂದು ಪಕ್ಕ ಹೊಕ್ಕು, ಎಷ್ಟೋ ಸಲ ಇನ್ನೊಂದು ಪಕ್ಕಕ್ಕೂ ಹೊರಡುತ್ತದೆ. ಅದಕ್ಕೇ ಒಂದು ತೂತು ಮುಚ್ಚಿ ಗೆದ್ದೆ ಅಂದುಕೊಳ್ಳಬೇಡಿ, ಟ್ಯೂಬನ್ನು ತಿರುಗಿಸಿ ಬೆನ್ನನ್ನೂ ನೋಡಿ.

ಪ್ಯಾಚ್ ಹಾಕುವುದು ಕಷ್ಟವಲ್ಲ. ಕಷ್ಟವಿರುವುದು ಸುತ್ತ ನೆರೆದ ಸಲಹೆಗಾರರಲ್ಲಿ. ಚಕ್ರ ಬಿಚ್ಚಿ, ಉಳಿದ ಗಾಳಿ ಬಿಟ್ಟು, ಪ್ಲಾಸ್ಟಿಕ್ ಲಿವರಿನಿಂದ ಟೈರಿನ ಒಂದೇ ಅಂಚು ಎಬ್ಬಿಸಿ. ಯಾರಾದರೂ ಉಪಕಾರಕ್ಕೆಂದು ಸ್ಕ್ರೂಡ್ರೈವರ್ ಕೊಟ್ಟರೆ ನಮಸ್ಕಾರ ಹೇಳಿ ವಾಪಸ್ ಕೊಡಿ, ಅದು ಟ್ಯೂಬಿಗೆ ಹೊಸ ತೂತು ಕೊರೆಯುತ್ತದೆ. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ನೀರಿನಲ್ಲಿ ಅದ್ದಿದರೆ ಗುಳ್ಳೆ ಎದ್ದ ಕಡೆ ತೂತು. ನೀರಿಗೆ ಬರವಿಲ್ಲ, ಪಕ್ಕದಲ್ಲೇ ಕಾವೇರಿ. ಒರೆಸಿ, ಚೆನ್ನಾಗಿ ಒಣಗಿಸಿ, ಪ್ಯಾಚಿಗಿಂತ ತುಸು ಅಗಲಕ್ಕೆ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ. ಆಮೇಲೆ ನಾಲ್ಕೈದು ನಿಮಿಷ ಸುಮ್ಮನಿರಬೇಕು. ಕೆಲಸ ಕೆಡುವುದು ಇಲ್ಲೇ: ಹಸಿ ಅಂಟಿನ ಮೇಲೆ ಪ್ಯಾಚ್ ಒತ್ತಿ, ನಿಂತಿಲ್ಲವಲ್ಲ ಎಂದು ಕಂಪನಿಯನ್ನು ಬೈಯುತ್ತಾರೆ. ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ, ಅಂಚುಗಳನ್ನು ತಿಕ್ಕಿ. ಟೈರು ಮತ್ತೆ ಕೂರಿಸುವ ಮೊದಲು ಅದರ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ ನೋಡಬೇಕು. ಮುರಿದ ಮುಳ್ಳಿನ ಮೊನೆ, ಮನೆಗೆ ಬಂದ ಬೀಗರ ಹಾಗೆ, ಹೊರಡುವ ಮಾತೇ ಎತ್ತದೆ ಅಲ್ಲೇ ಕೂತಿರುತ್ತದೆ. ಗುಂಬಜ್ ದಾಟುವ ಮೊದಲೇ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್. ಇದಿಷ್ಟೂ ಬೇಡ ಎನ್ನುವವರು ಒಂದು ಹೊಸ ಟ್ಯೂಬು ಹಾಕಿಕೊಂಡು ಹಳೆಯದನ್ನು ಮನೆಯಲ್ಲಿ ರಿಪೇರಿ ಮಾಡಬಹುದು, ಬುದ್ಧಿವಂತಿಕೆ ಅದೇ. ಅಂದಹಾಗೆ, ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮುಳ್ಳಿನ ತಪ್ಪಲ್ಲ. ಗಾಳಿ ಕಮ್ಮಿಯಿದ್ದ ಟೈರು ಕಲ್ಲಿಗೆ ಬಡಿದು ರಿಮ್ಮು ಟ್ಯೂಬನ್ನು ಕಚ್ಚಿದ್ದು.

ಚೈನು ಕಳಚುವುದು ಸಣ್ಣ ವಿಷಯ, ಕೈ ಮಸಿಯಾಗುವುದು ದೊಡ್ಡದು. ಗೇರಿನ ಸೈಕಲ್ಲಾದರೆ ಹಿಂದಿನ ಚಕ್ರದ ಬಳಿ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ತೋಳನ್ನು ಮುಂದಕ್ಕೆ ದೂಡಿದರೆ ಚೈನು ಸಡಿಲವಾಗುತ್ತದೆ. ಎರಡು ಹುಲ್ಲುಕಡ್ಡಿಯಿಂದ ಎತ್ತಿ ಮುಂದಿನ ಹಲ್ಲಿಗೆ ಸಿಕ್ಕಿಸಿ ಪೆಡಲ್ ಮೆಲ್ಲಗೆ ತಿರುಗಿಸಿದರಾಯಿತು. ಸೀಟಿನಿಂದ ಎದ್ದು ಭಾರ ಬಿಟ್ಟು ತುಳಿಯುತ್ತಿರುವಾಗಲೇ ಗೇರ್ ಬದಲಿಸಿದರೆ ಚೈನು ಕಳಚದೆ ಇನ್ನೇನು ಮಾಡೀತು. ಕಿರ್ರೆನ್ನುವ ಚೈನಿಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸುರಿದು ಬಂದವರನ್ನು ದೂರದಿಂದಲೇ ಗುರುತಿಸಬಹುದು: ಹೊಳೆಮರಳೆಲ್ಲ ಅಂಟಿಕೊಂಡಿರುತ್ತದೆ. ಒಂದೊಂದು ರೋಲರಿಗೆ ಒಂದೊಂದೇ ಹನಿ ಚೈನ್ ಎಣ್ಣೆ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಮರಳಿನಲ್ಲಿ ಮುಂದಿನ ಬ್ರೇಕ್ ಹಿಡಿದವರು ನೇರವಾಗಿ ಸಾಷ್ಟಾಂಗ. ಗುಡಿ ಹತ್ತಿರವಿದ್ದರೆ ಭಕ್ತಿ ಎಂದು ನೋಡುವವರು ತಿಳಿದುಕೊಳ್ಳುತ್ತಾರೆ, ಅಷ್ಟೇ ಸಮಾಧಾನ. ಮರಳು ಬರುವ ಮೊದಲೇ ವೇಗ ತಗ್ಗಿಸಿ, ಹಗುರ ಗೇರಿಗೆ ಹಾಕಿ, ಹ್ಯಾಂಡಲ್ ತಿರುಗಿಸದೆ ತುಳಿಯುತ್ತ ದಾಟಿಬಿಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಒದೆಯಲು ಕಾಲೆತ್ತಬೇಡಿ, ಬೀಳುವವರು ನೀವೇ. ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು, ಮೆಲ್ಲಗೆ ನಡೆದರೆ ಹೆಚ್ಚಿನ ನಾಯಿಗಳಿಗೆ ಆಸಕ್ತಿ ಹೋಗುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಾದರೆ ರಸ್ತೆ ಬಿಟ್ಟು ಇಳಿಯುವುದೇ ಮರ್ಯಾದೆ. ಹೊರಕ್ಕೆ ಚಾಚಿದ ಜಲ್ಲೆಗಳು ಬೆನ್ನು ಸವರಿಕೊಂಡು ಹೋಗುತ್ತವೆ.

ಬೇಸಿಗೆಯಲ್ಲಿ ಹೊಳೆಯ ಬಂಡೆಗಳು ಮೈದೋರಿ ಫೋಟೊಗೆ ಕರೆಯುತ್ತವೆ. ಮೇಲುಗಡೆ ಕನ್ನಂಬಾಡಿ ಕಟ್ಟೆ ಇದೆ, ಅಲ್ಲಿಂದ ನೀರು ಬಿಟ್ಟರೆ ಇಲ್ಲಿ ಮಟ್ಟ ಏರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ದಡದಲ್ಲೇ ಇರಿ. ಇದರಲ್ಲಿ ಮಾತ್ರ ನಗುವಂಥದ್ದೇನೂ ಇಲ್ಲ. ಬೆಳಗ್ಗೆ ಆರೂವರೆಗೆ ತುಳಿಯಲು ಶುರುಮಾಡಿ ಒಂಬತ್ತೂವರೆಗೆ ಮುಗಿಸಿದರೆ ಬಿಸಿಲೂ ಕಾಡದು. ಗಂಟೆಗೆ ತಲೆಗೆ ಅರ್ಧ ಲೀಟರ್ ನೀರು. ಮೇಲೆ ಎಳನೀರು ಎಷ್ಟು ಬೇಕಾದರೂ.

ಹಿಂದಿನ ದಿನ ಅಂಗಡಿಯಿಂದ ತಂದ ಮೆತ್ತನೆಯ ಜೆಲ್ ಸೀಟ್ ಕವರಿನ ಫಲ ಸಿಗುವುದು ಸೋಮವಾರ. ಮೆತ್ತೆ ತೀರ ಮೆತ್ತಗಿದ್ದರೆ ಕೂರುವ ಮೂಳೆಗಳು ಅದರೊಳಗೆ ಹೂತು, ಭಾರವೆಲ್ಲ ನಡುವಿನ ಮೆದು ಜಾಗಕ್ಕೆ ಬೀಳುತ್ತದೆ. ಸಾಕಷ್ಟು ಅಗಲವಿರುವ, ತುಸು ಗಟ್ಟಿಯಾದ ಸೀಟೇ ವಾಸಿ. ಪ್ಯಾಡ್ ಇರುವ ಚಡ್ಡಿ ತಂದರೆ ಅದರೊಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಅಂಗಡಿಯವನು ಇದನ್ನು ಹೇಳಲು ಸಂಕೋಚಪಡುತ್ತಾನೆ, ಕೊಳ್ಳುವವರು ಕೇಳಲು ಸಂಕೋಚಪಡುತ್ತಾರೆ. ಹಾಗಾಗಿ ಸೋಮವಾರದ ಮೀಟಿಂಗಿನಲ್ಲಿ ಒಬ್ಬರು ಗೋಡೆಗೆ ಒರಗಿ ನಿಂತೇ ಇರುತ್ತಾರೆ.